ಸತ್ಯಘೋಷನ ಕಿರುಗತ್ತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಒಂದು ತಲೆಮಾರಿನ ಹಿಂದೆ ಕಾರು ಎಂದರೆ ಅಂಬಾಸಿಡರ್ ಎಂದೇ ಅರ್ಥವಿತ್ತು. ಮದುವೆಯ ದಿಬ್ಬಣ, ಚುನಾವಣೆಯ ಪ್ರಚಾರ, ನಡುರಾತ್ರಿ ದಾವಣಗೆರೆಯ ಆಸ್ಪತ್ರೆಗೆ ಓಟ, ಎಲ್ಲಕ್ಕೂ ಅದೇ ವಾಹನ. ಪಶ್ಚಿಮ ಬಂಗಾಳದ ಉತ್ತರಪಾಡದ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಿತು. ಸ್ಟ್ಯಾಂಡರ್ಡ್ ಹೆರಾಲ್ಡ್, ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾಗಳ ತಯಾರಿಕೆ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಇನ್ನು ದೊರೆಯದೆಂದು ತಿಳಿದ ವಸ್ತುವಿನ ಮೇಲೆ ಮನುಷ್ಯನ ಮೋಹ ಇಮ್ಮಡಿಯಾಗುವುದು ಲೋಕದ ರೀತಿ. ತಂದೆಯ ಕಾಲದ ಕಾರನ್ನು ಮತ್ತೆ ಮನೆಯ ಮುಂದೆ ನಿಲ್ಲಿಸಬೇಕೆಂದು ಬಯಸುವ ಅನುಕೂಲಸ್ಥರು ಈ ಊರುಗಳಲ್ಲೂ ಇದ್ದಾರೆ. ಆದರೆ ಕಾರು ಊರಿನಲ್ಲಿ ಸಿಗದು. ಐನೂರೋ ಸಾವಿರವೋ ಕಿಲೋಮೀಟರ್ ಆಚೆಯ ಯಾರೋ ಒಬ್ಬರು ಹಾಕಿದ ನಾಲ್ಕು ಚಿತ್ರ, ನಾಲ್ಕು ಸಾಲಿನ ಒಕ್ಕಣೆಯಾಗಿ ಅದು ಮೊಬೈಲಿನ ಪರದೆಯ ಮೇಲೆ ಸಿಗುತ್ತದೆ. 'ಒಬ್ಬರೇ ಮಾಲೀಕರು. ಮೂಲ ಬಣ್ಣ. ಎಂಜಿನ್ ಬಿಚ್ಚಿಲ್ಲ. ದಾಖಲೆಗಳೆಲ್ಲ ಸರಿ ಇವೆ.'

ಈ ನಾಲ್ಕು ಸಾಲಿಗೂ ಧರ್ಮಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಬಸದಿಯಲ್ಲಿ ಅಭಿಷೇಕ, ಪೂಜೆ, ಸ್ವಾಧ್ಯಾಯ. ಪೇಟೆಯಲ್ಲಿ ಪೇಟೆಯ ನಡೆ ಎಂಬ ವಿಭಜನೆ ಬಹುಕಾಲದಿಂದ ರೂಢಿಯಲ್ಲಿದೆ. 'ವ್ಯಾಪಾರಂ ದ್ರೋಹಚಿಂತನಂ' ಎಂಬ ಮಾತನ್ನು ನಗುತ್ತ ಹೇಳಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಶ್ರಾವಕಾಚಾರವನ್ನು ಬರೆದ ಆಚಾರ್ಯರು ಹೀಗೆ ಕೈತೊಳೆದುಕೊಳ್ಳಲಿಲ್ಲ. ಮುನಿಗಳಿಗೆ ಮಹಾವ್ರತವನ್ನು ವಿಧಿಸಿದ ಅವರೇ ಗೃಹಸ್ಥನ ತಕ್ಕಡಿಯನ್ನೂ ಬರಹವನ್ನೂ ಕೊಡು-ಕೊಳ್ಳುವಿಕೆಯನ್ನೂ ಒಂದೊಂದಾಗಿ ಪರೀಕ್ಷಿಸಿದ್ದಾರೆ. ಅವರು ಪಟ್ಟಿ ಮಾಡಿದ ಅತಿಚಾರಗಳನ್ನು ಇಂದಿನ ಕಾರು ಜಾಹೀರಾತಿನ ಪಕ್ಕದಲ್ಲಿಟ್ಟು ಓದಿದರೆ, ಪೇಟೆಯ ಬೀದಿಯಲ್ಲಿ ಕುಳಿತೇ ಬರೆದಂತೆ ತೋರುತ್ತದೆ.

ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಸತ್ಯವನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಇರುವುದನ್ನು ಇಲ್ಲವೆನ್ನುವುದು ಮೊದಲನೆಯದು. ಇಲ್ಲದ್ದನ್ನು ಇದೆಯೆನ್ನುವುದು ಎರಡನೆಯದು. ಹಸುವನ್ನು ಕುದುರೆಯೆಂದಂತೆ ಒಂದನ್ನು ಮತ್ತೊಂದೆಂದು ಹೇಳುವುದು ಮೂರನೆಯದು. ನಿಂದ್ಯವೂ ಪಾಪಯುಕ್ತವೂ ಅಪ್ರಿಯವೂ ಆದ ಮಾತು ನಾಲ್ಕನೆಯದು. ಮೊದಲ ಮೂರನ್ನು ಸೇರಿಸಿದರೆ ದಾರಿ ತಪ್ಪಿಸುವ ಜಾಹೀರಾತಿನ ವ್ಯಾಕರಣವೇ ಸಿದ್ಧವಾಗುತ್ತದೆ. ಬಾಗಿಲ ಕೆಳಗಿನ ತುಕ್ಕು ಇದೆ. ಅದರ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ನೀರು ಚಿಮುಕಿಸಿ ಸಂಜೆಯ ಬೆಳಕಿನಲ್ಲಿ ಚಿತ್ರ ತೆಗೆದರೆ ಅದು 'ಇಲ್ಲ'ವಾಗುತ್ತದೆ. ಕ್ರಮವಾದ ಸರ್ವಿಸ್ ನಡೆದೇ ಇಲ್ಲ. ಒಕ್ಕಣೆಯಲ್ಲಿ ಅದು 'ಇದೆ'. ಮೂರನೆಯದಂತೂ ಹಳೆಯ ಕಾರುಗಳ ಲೋಕದಲ್ಲಿ ಬಹಳ. 'ಪದ್ಮಿನಿ' ಎಂಬ ಹೆಸರು ಆ ಕಾರಿಗೆ ಬಂದದ್ದೇ 1970ರ ದಶಕದಲ್ಲಿ. ಅದಕ್ಕೆ ಮೊದಲು ಅದು ಫಿಯಟ್ 1100. '1965ರ ಪದ್ಮಿನಿ ಮಾರಾಟಕ್ಕಿದೆ' ಎಂದು ಬರೆದವನು ಒಂದೋ ತಿಳಿಯದವನು, ಇಲ್ಲವೇ ಹಸುವನ್ನು ಕುದುರೆ ಎನ್ನುವವನು. ಮೊದಮೊದಲ ಅಂಬಾಸಿಡರ್‌ಗಳಲ್ಲಿ ಗೇರಿನ ಕೋಲು ಸ್ಟೀರಿಂಗ್ ಕಂಬದ ಮೇಲಿತ್ತು. ನೆಲದಿಂದ ಮೇಲೇಳುವ ಐದು ಗೇರುಗಳ ಕೋಲು ಕಾರ್ಖಾನೆಯಿಂದಲೇ ಬಂದದ್ದು 1990ರ ದಶಕದಲ್ಲಿ, ಇಸುಜು ಎಂಜಿನ್ನಿನ ಜೊತೆಗೆ. ಅಂಥ ಕೋಲುಳ್ಳ ಕಾರನ್ನು '1968ರ ಮೂಲಸ್ಥಿತಿಯ ಕಾರು' ಎಂದು ಹಾಕಿದ್ದರೆ ಆ ಒಂದು ಚಿತ್ರವೇ ಒಕ್ಕಣೆಯನ್ನು ಸುಳ್ಳುಮಾಡುತ್ತದೆ.

ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಮೋಸದ ಬರಹ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವಿದೆ. ಅಸಲಿನ ಜಾಗದಲ್ಲಿ ಅದರಂತೆ ಕಾಣುವುದನ್ನಿಟ್ಟು ಮಾರುವುದು. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಇದನ್ನೇ ಸದೃಶಸನ್ಮಿಶ್ರವೆಂದು ಕರೆದರು. ತುಪ್ಪಕ್ಕೆ ಎಣ್ಣೆ ಬೆರೆಸುವಂಥ ಉದಾಹರಣೆಯನ್ನು ಇದಕ್ಕೆ ಕೊಡುವುದು ವಾಡಿಕೆ. ಬೇರೊಂದು ಕಾರಿನ ಎಂಜಿನ್ನನ್ನು ಕೂರಿಸಿ 'ಮೂಲ ಎಂಜಿನ್' ಎನ್ನುವುದು ಅದೇ ಜಾತಿಗೆ ಸೇರಿದ್ದು. ಹೀನಾಧಿಕಮಾನೋನ್ಮಾನವೆಂದರೆ ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು. ಕೊಳ್ಳುವಾಗ ಒಂದು ಕೊಳಗ, ಮಾರುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ಹಳೆಯ ಕಾಲದ ಅಂಗಡಿಯವನಿಗೂ ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವ ಇಂದಿನವನಿಗೂ ಇಲ್ಲಿ ಭೇದವಿಲ್ಲ. ಹಳೆಯ ಕಾರುಗಳಲ್ಲಿ ಇದಕ್ಕೊಂದು ವಿಚಿತ್ರ ತಿರುವೂ ಇದೆ. ಅನೇಕ ಹಳೆಯ ಓಡೋಮೀಟರ್‌ಗಳಿಗೆ ಐದೇ ಅಂಕಿ. 99,999 ದಾಟಿದೊಡನೆ ಅವು ತಾವಾಗಿಯೇ ಸೊನ್ನೆಗೆ ಮರಳುತ್ತವೆ. ಆದ್ದರಿಂದ 34,000 ಎಂದು ಕಾಣುವ ಕಾರು 1,34,000 ಓಡಿದ್ದಿರಬಹುದು. ಯಂತ್ರ ಸುಳ್ಳು ಹೇಳಿಲ್ಲ. ಆ ಅಂಕಿಯ ಚಿತ್ರವನ್ನು ಹಾಕಿ ಮೌನವಾಗಿದ್ದವನು ಹೇಳಿದ್ದಾನೆ.

ಈ ಮೌನದ ಸಂಗತಿಯೇ ಹೆಚ್ಚು ವಿಚಾರಾರ್ಹ. ಜಾಣ ಮಾರಾಟಗಾರ ಪೂರ್ತಿ ಸುಳ್ಳನ್ನು ಬರೆಯುವುದಿಲ್ಲ, ಅರೆನಿಜವನ್ನು ಬರೆಯುತ್ತಾನೆ. ಸಿಕ್ಕಿಬಿದ್ದಾಗ, ನಿಜಕ್ಕೆ ಅನೇಕ ಮುಖಗಳುಂಟು, ತಾನು ಒಂದು ಮುಖವನ್ನು ಹೇಳಿದೆನೆಂದು ಸಮರ್ಥಿಸಿಕೊಳ್ಳುತ್ತಾನೆ. ಜೈನ ಮನೆಗಳಲ್ಲಿಯೂ ಅನೇಕಾಂತದ ಹೆಸರಿನಲ್ಲಿ ಇಂಥ ಮಾತು ಕೇಳಿಬರುವುದುಂಟು. ಇದು ಅನೇಕಾಂತಕ್ಕೆ ಮಾಡುವ ಅವಮಾನ. ವಸ್ತುವಿನ ಒಂದು ಧರ್ಮವನ್ನು ಹೇಳುವಾಗ ಉಳಿದ ಧರ್ಮಗಳಿಗೆ ಎಡೆಗೊಡುವುದು ನಯ. ಉಳಿದವನ್ನು ಅಲ್ಲಗಳೆದು ಆ ಒಂದನ್ನೇ ಪೂರ್ಣವೆಂದು ಸಾಧಿಸುವುದು ದುರ್ನಯ. 'ಹೊರಮೈ ನಯವಾಗಿದೆ' ಎಂದು ಹೇಳಿ, ಕೇಳುವವನು 'ಒಳಮೈಯೂ ಗಟ್ಟಿ' ಎಂದು ತಿಳಿಯಲೆಂದೇ ಕಾಯುವವನು ದುರ್ನಯದಲ್ಲಿ ನಿಂತಿದ್ದಾನೆ. 'ಸ್ಯಾತ್' ಎಂಬ ಪದ ಹೇಳುವವನ ಅಹಂಕಾರಕ್ಕೆ ಹಾಕಿದ ಕಡಿವಾಣ. ಕೇಳುವವನ ಕಣ್ಣಿಗೆ ಅದು ಮಣ್ಣಾಗಬಾರದು.

ಇನ್ನೊಂದು ತಪ್ಪು ವ್ಯಾಖ್ಯಾನವನ್ನೂ ಇಲ್ಲಿಯೇ ತಿದ್ದಬೇಕು. ಸ್ಥೂಲ ಅಸತ್ಯವನ್ನು ತಾನೂ ಆಡದೆ ಪರರಿಂದಲೂ ಆಡಿಸದೆ, ಪರರಿಗೆ ವಿಪತ್ತು ತರುವಂತಿದ್ದರೆ ನಿಜವನ್ನೂ ನುಡಿಯದವನು ಸತ್ಯಾಣುವ್ರತಿ ಎಂಬುದು ಸಮಂತಭದ್ರರ ಅಭಿಪ್ರಾಯ. ಕೊನೆಯ ಭಾಗವನ್ನು ಹಿಡಿದು, ಕುಂದುಗಳನ್ನು ಹೇಳದಿದ್ದರೂ ವ್ರತಕ್ಕೆ ಭಂಗವಿಲ್ಲವೆಂದು ವಾದಿಸುವುದು ಸಲ್ಲದು. ಅಲ್ಲಿ ಹೇಳಿದ್ದು ಪರರ ವಿಪತ್ತನ್ನು. ಮಾರುವವನ ಜೇಬಿನ ನಷ್ಟವನ್ನಲ್ಲ. ಬ್ರೇಕು ಸವೆದದ್ದನ್ನೋ ಸ್ಟೀರಿಂಗ್ ಸಡಿಲವಾದದ್ದನ್ನೋ ಮುಚ್ಚಿಟ್ಟರೆ ವಿಪತ್ತು ಬರುವುದು ಕೊಂಡವನಿಗೆ, ಅವನ ಮಕ್ಕಳಿಗೆ, ದಾರಿಹೋಕರಿಗೆ. ಅಲ್ಲಿಗೆ ವಿಷಯ ಸತ್ಯವ್ರತವನ್ನು ದಾಟಿ ಅಹಿಂಸಾವ್ರತದ ಬಾಗಿಲಿಗೆ ಬರುತ್ತದೆ. ಪರರಿಂದ ಆಡಿಸುವುದು ಎಂಬ ಮಾತು ದಲ್ಲಾಳಿಯ ಕೈಯಲ್ಲಿ ಒಕ್ಕಣೆ ಬರೆಸುವವರಿಗೂ ಅನ್ವಯಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರತ್ನಕರಂಡಕದಲ್ಲಿ ಅಸತ್ಯಕ್ಕೆ ನಿದರ್ಶನವಾಗಿ ಬರುವ ಹೆಸರು ಸತ್ಯಘೋಷನದು. ಸಿಂಹಪುರದ ದೊರೆ ಸಿಂಹಸೇನನ ಆಸ್ಥಾನದಲ್ಲಿ ಶ್ರೀಭೂತಿ ಎಂಬ ಪುರೋಹಿತನಿದ್ದ. ತನ್ನ ಜನಿವಾರಕ್ಕೆ ಕಿರುಗತ್ತಿಯೊಂದನ್ನು ಕಟ್ಟಿಕೊಂಡು, ಬಾಯಿಂದ ಅಪ್ಪಿತಪ್ಪಿ ಸುಳ್ಳು ಹೊರಟರೆ ಇದರಿಂದಲೇ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಸಾರುತ್ತಿದ್ದ. ಜನ ಮೆಚ್ಚಿ ಅವನನ್ನು ಸತ್ಯಘೋಷನೆಂದು ಕರೆದರು. ದೂರದ ಊರಿನ ವಣಿಕನೊಬ್ಬ ಆ ಕೀರ್ತಿಯನ್ನು ನಂಬಿ, ಸಮುದ್ರವ್ಯಾಪಾರಕ್ಕೆ ಹೊರಡುವ ಮುನ್ನ ತನ್ನ ರತ್ನಗಳನ್ನು ಅವನಲ್ಲಿ ಇಟ್ಟುಹೋದ. ಹಡಗು ಒಡೆದು ಬರಿಗೈಯಲ್ಲಿ ಮರಳಿ ಬಂದು ಕೇಳಿದಾಗ ಪುರೋಹಿತ ಅವನ ಗುರುತೇ ಇಲ್ಲವೆಂದ. ನಷ್ಟದಿಂದ ಹುಚ್ಚು ಹಿಡಿದಿದೆಯೆಂದು ಊರನ್ನು ನಂಬಿಸಿದ. ವಣಿಕ ಅರಮನೆಯ ಬಳಿಯ ಮರವೇರಿ ತಿಂಗಳುಗಟ್ಟಲೆ ದಿನವೂ ಅದನ್ನೇ ಕೂಗಿದ. ಹುಚ್ಚನ ಮಾತು ದಿನಕ್ಕೊಂದಾಗುತ್ತದೆ, ಇವನದು ಮಾತ್ರ ಒಂದಕ್ಷರವೂ ಬದಲಾಗುತ್ತಿಲ್ಲವೆಂಬುದನ್ನು ಗಮನಿಸಿದವಳು ರಾಣಿ ರಾಮದತ್ತೆ. ಅವಳು ಪುರೋಹಿತನೊಡನೆ ಜೂಜಾಡಿ ಅವನ ಉಂಗುರವನ್ನೂ ಆ ಕಿರುಗತ್ತಿ ಕಟ್ಟಿದ ಜನಿವಾರವನ್ನೂ ಗೆದ್ದು, ಅವನ್ನೇ ಗುರುತಾಗಿ ಅವನ ಮನೆಗೆ ಕಳುಹಿಸಿ ಹೆಂಡತಿಯಿಂದ ರತ್ನಗಳನ್ನು ತರಿಸಿದಳು. ಅರಸ ಅವನ್ನು ಬೇರೆ ರತ್ನಗಳ ರಾಶಿಯಲ್ಲಿ ಬೆರೆಸಿ ವಣಿಕನ ಮುಂದೆ ಇಟ್ಟಾಗ, ಅವನು ತನ್ನವನ್ನಷ್ಟೇ ಆರಿಸಿಕೊಂಡ.

ಈ ಕಥೆಯಲ್ಲಿ ವಣಿಕ ನಂಬಿದ್ದು ಮನುಷ್ಯನನ್ನಲ್ಲ, ಮನುಷ್ಯನ ಸೊಂಟದ ಬಳಿ ತೂಗುತ್ತಿದ್ದ ಗುರುತನ್ನು. ಇಂದಿನ ಜಾಲತಾಣಗಳಲ್ಲಿ ಆ ಕಿರುಗತ್ತಿಗೆ ನಾನಾ ರೂಪ: ಹೆಸರಿನ ಪಕ್ಕದ ಪರಿಶೀಲಿತ ಮುದ್ರೆ, ಹೊಗಳಿಕೆಯ ನಕ್ಷತ್ರಗಳು, ದೇವರ ಚಿತ್ರ, ಸಮವಸ್ತ್ರದ ಫೋಟೊ. ಸೇನೆಯಲ್ಲಿರುವವನಂತೆ ನಟಿಸಿ, ದೂರಕ್ಕೆ ವರ್ಗವಾಗಿರುವುದರಿಂದ ವಾಹನವನ್ನು ಅಗ್ಗಕ್ಕೆ ಕೊಡುತ್ತಿದ್ದೇನೆಂದು ಹೇಳಿ, ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸಿ, ಸಾಗಣೆ ವೆಚ್ಚವೆಂದು ಮುಂಗಡ ಪಡೆದು ಮಾಯವಾಗುವ ವಂಚನೆಯ ಬಗ್ಗೆ ಪೊಲೀಸರು ಅನೇಕ ರಾಜ್ಯಗಳಲ್ಲಿ ಎಚ್ಚರಿಸಿದ್ದಾರೆ. ಕಾರೇ ಇರುವುದಿಲ್ಲ; ಚಿತ್ರ ಮಾತ್ರ ಇನ್ನಾರದೋ ಕಾರಿನದು. ಹಣ ಪಡೆಯಲು ಕ್ಯುಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದು ಮಾರುವವರನ್ನೇ ನಂಬಿಸುವ ತಂತ್ರವೂ ಇದರ ಜೊತೆಯದು. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಹೋದದ್ದು ತಿಳಿದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಕೈಯಿಂದ ಕೈಗೆ ದಾಟಿಹೋಗಿರುತ್ತದೆ.

ಹಾಗಾದರೆ ದೋಷವೆಲ್ಲ ಮಾರುವವನದೇ? ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಬಗೆಗಿನ ಮೂರ್ಛೆ ಎಂಬುದು ಉಮಾಸ್ವಾಮಿಗಳ ನಿರೂಪಣೆ. ಮೂರ್ಛೆ ಎಂಬ ಪದವನ್ನು ಅವರು ಸುಮ್ಮನೆ ಆರಿಸಿಲ್ಲ. ಎಂಟು ಲಕ್ಷ ಬಾಳಬಹುದಾದ ಕಾರು ಮೂರು ಲಕ್ಷಕ್ಕೆ ಎಂದು ಕಂಡಾಗ, ಮತ್ತೊಬ್ಬ ಗಿರಾಕಿ ಸಂಜೆಯೇ ಬರುತ್ತಾನೆಂದು ಕೇಳಿದಾಗ, ಕೊಳ್ಳುವವನ ಎಚ್ಚರ ತಪ್ಪುತ್ತದೆ. ಆ ತಪ್ಪಿದ ಎಚ್ಚರದ ಮೇಲೆಯೇ ಸುಳ್ಳು ಒಕ್ಕಣೆ ಬದುಕುವುದು. ಮಾರುವವನ ಅಜ್ಞಾನದಿಂದ ತಾನು ಲಾಭ ಮಾಡಿಕೊಳ್ಳುತ್ತಿದ್ದೇನೆಂದು ಒಳಗೊಳಗೇ ಹಿಗ್ಗಿದವನನ್ನು ವಂಚಿಸುವುದು ಸುಲಭ.

ಹಳೆಯ ವಾಹನದ ಮೇಲಿನ ಪ್ರೀತಿಯೇ ದೋಷವೆಂದು ಇದರ ಅರ್ಥವಲ್ಲ. ಧರ್ಮಸ್ಥಳದಲ್ಲಿ ಜೈನ ಮನೆತನದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವಿದೆ. ಯಾತ್ರಿಕರು ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗೆ ಅದನ್ನೂ ನೋಡಿಬರುತ್ತಾರೆ. ಹತ್ತು ಜನರ ನೋಟಕ್ಕೆ ತೆರೆದಿಟ್ಟ ಸಂಗ್ರಹ ಒಂದು ಬಗೆ. ನೆರೆಯವನ ಕಣ್ಣು ಕುಕ್ಕಲೆಂದು, ಮಗಳ ಓದಿಗಿಟ್ಟ ಹಣ ತೆಗೆದು ತಂದದ್ದು ಇನ್ನೊಂದು ಬಗೆ. ಪರಿಗ್ರಹ ಪರಿಮಾಣ ವ್ರತ ಗೃಹಸ್ಥನಿಗೆ ಕೇಳುವುದು ಎಲ್ಲೆಯನ್ನು. ಅದನ್ನು ಪರದೆಯ ಮುಂದೆ ಕೂರುವ ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಎಲ್ಲೆ ನಿಶ್ಚಯವಾದ ಮೇಲೆ ನೋಡುವ ಕೆಲಸ. ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿ ಒಂದು. ಶಾಸ್ತ್ರವನ್ನಾಗಲಿ ಕಮಂಡಲುವನ್ನಾಗಲಿ ಎತ್ತುವ ಮೊದಲು, ಇಡುವ ಮೊದಲು, ಕಣ್ಣಾರೆ ನೋಡಿ ಪಿಂಛಿಯಿಂದ ಮೃದುವಾಗಿ ಸವರುತ್ತಾರೆ. ಅದರ ಉದ್ದೇಶ ಜೀವರಕ್ಷೆ. ಆದರೆ ನೋಡದೆ ಎತ್ತಬಾರದೆಂಬ ಆ ಶಿಸ್ತಿನ ಒಂದು ಕಿರಣ ಗೃಹಸ್ಥನ ವ್ಯವಹಾರಕ್ಕೂ ಬೀಳಬಾರದೇಕೆ? ಕಾರನ್ನು ಹಗಲಿನಲ್ಲಿ, ಒಣಗಿದ್ದಾಗ, ಊರಿನ ನಂಬಿಗಸ್ತ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದು ನೋಡಬೇಕು. ಹೋಗುವ ಖರ್ಚು ಮೋಸಹೋದ ಖರ್ಚಿಗಿಂತ ಎಂದೂ ಕಡಿಮೆಯೇ. ಸಣ್ಣ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗೆ, ಚಕ್ರದ ಮೇಲಿನ ಕಮಾನಿನಲ್ಲಿ ಹಿಡಿದರೆ ಅದು ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ನೆಲಹಾಸನ್ನು ಎತ್ತಿ ನೋಡಬೇಕು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಅದಕ್ಕೊಂದು ಕಾರಣವಿದ್ದೀತು. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನೂ ಎಂಜಿನ್ನಿನ ಸಂಖ್ಯೆಯನ್ನೂ ಆರ್‌ಸಿಯ ಸಂಖ್ಯೆಯೊಡನೆ ಅಕ್ಷರಕ್ಕಕ್ಷರ ಹೋಲಿಸಬೇಕು. ಚಾಸಿಯ ಸಂಖ್ಯೆಯನ್ನು ಉಜ್ಜಿ ಮತ್ತೆ ಕೊರೆದ ಗುರುತು ಕಂಡರೆ ಅಲ್ಲಿಂದ ಎದ್ದುಬರುವುದೇ ಸರಿ. ಕಳವಿನ ಮಾಲನ್ನು ಕೊಳ್ಳುವುದಕ್ಕೆ ಸೂತ್ರಕಾರರು ತದಾಹೃತಾದಾನವೆಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ತಾನು ಕದ್ದಿಲ್ಲವೆಂಬುದು ಅಲ್ಲಿ ಉತ್ತರವಾಗುವುದಿಲ್ಲ.

'ಮೂಲಸ್ಥಿತಿ' ಎಂಬ ಮಾತಿಗೆ ಈಗ ಕಾನೂನಿನ ತೂಕವೂ ಬಂದಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಹೊರಕವಚ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಿಲ್ಲದ ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗಷ್ಟೇ 'ವಿಂಟೇಜ್' ಎಂಬ ಮಾನ್ಯತೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಎರಡಕ್ಷರ. ಅಂಥ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಆದ್ದರಿಂದ 1985ರ ಕಾರನ್ನು 'ವಿಂಟೇಜ್' ಎಂದು ಕರೆದ ಜಾಹೀರಾತು ಮೊದಲ ಪದದಲ್ಲೇ ಎಡವಿದೆ. ತತ್ತ್ವದ ಕಣ್ಣಿಗೆ ಇಲ್ಲೊಂದು ಸ್ವಾರಸ್ಯವೂ ಇದೆ. ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಕೂಡಿದ್ದು ಸತ್ ಎನ್ನುವ ದರ್ಶನಕ್ಕೆ ಬಿಡಿಭಾಗ ಬದಲಾದದ್ದು ಅಚ್ಚರಿಯೇನಲ್ಲ. ಐವತ್ತು ವರ್ಷದ ಪುದ್ಗಲಸ್ಕಂಧ ಬದಲಾಗದೆ ಇದ್ದೀತೆ? ಬದಲಾವಣೆ ತಪ್ಪಲ್ಲ. ಬದಲಾದ ಪರ್ಯಾಯವನ್ನು ಬದಲಾಗಿಲ್ಲವೆಂದು ಬರೆಯುವುದು ತಪ್ಪು. ಎಂಜಿನ್ ಬದಲಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕೆಂದು ಕಾನೂನೂ ಹೇಳುತ್ತದೆ.

ದಾಖಲೆಯ ವಿಷಯದಲ್ಲಿ ಸಜ್ಜನರೂ ಸಡಿಲವಾಗುತ್ತಾರೆ. ವಾಹನ ಕೈಬದಲಾದರೂ ಹೆಸರು ಬದಲಾಗದೆ, ಮೊದಲ ಮಾಲೀಕನ ಸಹಿಯಿರುವ ಖಾಲಿ 29 ಮತ್ತು 30ನೆಯ ನಮೂನೆಗಳು ಮೂರು ನಾಲ್ಕು ಕೈ ದಾಟಿ ಬರುತ್ತವೆ. 'ಒಬ್ಬರೇ ಮಾಲೀಕರು' ಎಂಬ ಒಕ್ಕಣೆಯ ಗುಟ್ಟು ಕೆಲವೊಮ್ಮೆ ಇದೇ. ನಡುವಿನವರ ಹೆಸರು ಎಲ್ಲಿಯೂ ಇಲ್ಲ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವ ವಿರುದ್ಧರಾಜ್ಯಾತಿಕ್ರಮದ ಅಡಿಯಲ್ಲಿ ಇದು ನೇರವಾಗಿ ಬರುತ್ತದೆ. ಇದರ ಪೆಟ್ಟು ಮಾರಿದವನಿಗೂ ತಪ್ಪಿದ್ದಲ್ಲ. ಅಪಘಾತದ ಪರಿಹಾರಕ್ಕೆ ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಮಾಲೀಕನೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಪರಿವಾಹನ್ ತಾಣದಲ್ಲಿ ವಾಹನದ ಸಂಖ್ಯೆಯನ್ನು ಹಾಕಿದರೆ ನೋಂದಣಿಯ ದಿನಾಂಕ, ಅದರ ಅವಧಿ, ವಿಮೆಯ ವಿವರ ಕಾಣುತ್ತವೆ. ಬಹಳ ಹಳೆಯ ಸಂಖ್ಯೆ ಅಲ್ಲಿ ಸಿಗದಿದ್ದರೆ ಮುಂಗಡ ಕೊಡುವ ಮೊದಲೇ ಆ ಸಂಖ್ಯೆಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿರಬೇಕು. ಹೊರರಾಜ್ಯದ ಕಾರಾದರೆ ಅಲ್ಲಿಯ ಎನ್‌ಒಸಿ, ಇಲ್ಲಿಯ ತೆರಿಗೆ ಎರಡನ್ನೂ ಲೆಕ್ಕಕ್ಕೆ ತಂದೇ ಬೆಲೆಯನ್ನು ತೂಗಬೇಕು. 'ಆಮೇಲೆ ನೋಡಿಕೊಳ್ಳೋಣ' ಎಂದು ತಲೆಯಾಡಿಸಿದವನು ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿ ಮೂರನೆಯದರ ಭಾಗಿ.

ಕೋಗಳಿಯಲ್ಲಿ ಪ್ರಾಚೀನ ಜಿನಾಲಯವಿದೆ, ಜಿನಾಲಯಕ್ಕೆ ಸಂದ ದಾನಗಳನ್ನು ಹೇಳುವ ಶಾಸನಗಳಿವೆ. ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಗೊತ್ತು. ಕೊಟ್ಟವರಾರು, ಪಡೆದವರಾರು, ಏನನ್ನು, ಎಷ್ಟನ್ನು, ಎಂದಿನಿಂದ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ನಾಲ್ಕು ದಿಕ್ಕಿನ ಎಲ್ಲೆಗಳ ಸಹಿತ ಕೊರೆಸುತ್ತಿದ್ದರು. ಕೂಟಲೇಖಕ್ಕೆ ಎದುರಾದ ಬರಹವೆಂದರೆ ಅದು. ತಾತನ ಕಾಲದ ಕಾರನ್ನು ಮಾರಲು ಹೊರಟ ಈ ಭಾಗದ ಗೃಹಸ್ಥನಿಗೂ ಅಂಥ ಬರಹ ಅಸಾಧ್ಯವೇನಲ್ಲ. ಅದು ಹೀಗಿದ್ದೀತು:

'1972ರ ಅಂಬಾಸಿಡರ್. ಮೂರನೆಯ ಮಾಲೀಕರು, ಆರ್‌ಸಿ ನಮ್ಮ ಹೆಸರಿನಲ್ಲಿದೆ. ಎಂಜಿನ್ ಒಮ್ಮೆ ಬದಲಾಗಿದೆ, ದಾಖಲಾಗಿದೆ. ಬಣ್ಣ ಎರಡು ಸಲ ಹೊಡೆಸಿದೆ. ಎಡ ಹಿಂಬಾಗಿಲ ಕೆಳಗೆ ತುಕ್ಕಿದೆ, ಚಿತ್ರ ಹಾಕಿದೆ. ಓಡೋಮೀಟರ್ ಕೆಟ್ಟಿದೆ, ಎಷ್ಟು ಓಡಿದೆಯೆಂದು ತಿಳಿಯದು. ಬ್ರೇಕ್ ಕೆಲಸ ಬಾಕಿ ಇದೆ, ಓಡಿಸಿಕೊಂಡು ಹೋಗಬೇಡಿ, ಲಾರಿಯಲ್ಲಿ ಒಯ್ಯಿರಿ. ಕಾರನ್ನು ನೋಡುವ ಮೊದಲು ಹಣ ಕಳುಹಿಸಬೇಡಿ.'